ನೋಹನಿಗೆ ಬೀಳಬೇಕಾದ ಏಟು

ಮದುವೆಯಾಗಿ ಹನ್ನೊಂದು ವರ್ಷವಾದರೂ ನನ್ನ ಹೆಂಡತಿ ವಸುಧಾ ನಾಲ್ಕು ಜನರೆದುರು ನನಗೊಂದು ಬಿರುಸು ಮಾತು ಆಡಿರಲಿಲ್ಲ. ಮನೆಯೊಳಗಿನ ವಿಚಾರ ಬೇರೆ. ಅದನ್ನು ಇಲ್ಲಿ ಬರೆಯುವುದು ಬೇಡ. ಇಂಥ ಮರ್ಯಾದಸ್ಥೆ ಸಿಕ್ಕಿದ್ದು ನನ್ನ ಪುಣ್ಯವೆಂದೇ ತಿಳಿದಿದ್ದೆ. ಆ ಮರ್ಯಾದೆಯೇ ಒಂದು ದಿನ ನಮಗೆ ಅಡ್ಡ ಬಂತು.

ಅಮೆರಿಕದ ಸೀಡರ್ ಪಾರ್ಕ್ ಊರಿನ ನಮ್ಮ ಬಡಾವಣೆಯಲ್ಲಿ ಮಾರ್ಥಾ ಎಂಬ ನಿವೃತ್ತ ಟೀಚರ್ ಇದ್ದಾರೆ. ಐದಾರು ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಬಡಗಿಗಳು, ಬೆಸ್ತರು, ರೊಟ್ಟಿ ಸುಡುವವರು ಬೈಬಲ್ಲಿನ ಕಥೆಗಳನ್ನು ಗಾಡಿಗಳ ಮೇಲೆ ಆಡುತ್ತಿದ್ದರಂತೆ. ನಾವೂ ಬೀದಿಗೊಂದು ಕಥೆಯಂತೆ, ಕಾರಿನ ಹಿಂದೆ ಕಟ್ಟುವ ಟ್ರೇಲರ್‌ಗಳ ಮೇಲೆ ಆಡೋಣವೆಂದು ಅವರು ಹೊರಟರು. ನಮ್ಮ ಬೀದಿಗೆ ಪ್ರಳಯ ಬಂತು. ಗಡ್ಡ ಬಿಟ್ಟವನು ನಾನೊಬ್ಬನೇ ಆದ್ದರಿಂದ ಹಡಗು ಕಟ್ಟುವ ಮುದುಕ ನೋಹ ನಾನಾದೆ. ಹಡಗು ಹತ್ತಲೊಲ್ಲದೆ ಜಗಳ ತೆಗೆದು, ಗಂಡನ ಕೆನ್ನೆಗೆ ಬಾರಿಸುವ ಹೆಂಡತಿಯ ಪಾತ್ರಕ್ಕೆ ವಸುಧಾಳ ಹೆಸರನ್ನು ನಾನೇ ಕೊಟ್ಟೆ. ನಾವು ಮೈಸೂರಿನಿಂದ ಬಂದು ಎಂಟು ತಿಂಗಳಾಗಿತ್ತು. ವೀಸಾದ ದೆಸೆಯಿಂದ ಅವಳಿಗೆ ಕೆಲಸವಿಲ್ಲ, ಡ್ರೈವಿಂಗ್ ಬಾರದು, ಬೀದಿಯಲ್ಲಿ ಮಾತಿಗೆ ಒಬ್ಬರಿಲ್ಲ. ನಾಟಕದ ನೆವದಲ್ಲಾದರೂ ಸ್ನೇಹಿತೆಯರಾಗಲಿ ಎಂಬುದು ನನ್ನ ಆಸೆ.

ಮಾರ್ಥಾರ ಗರಾಜಿನಲ್ಲಿ ಟ್ರೇಲರ್ ನಿಲ್ಲಿಸಿ ರಿಹರ್ಸಲ್. ವಸುಧಾ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿದ್ದಳು. ಆದರೆ ಬೈಗುಳವನ್ನು ಇನ್ನೊಂದು ಲೋಟ ಕಾಫಿ ಬೇಕೇ ಎಂದು ಕೇಳುವಂತೆ ಹೇಳುತ್ತಿದ್ದಳು. ಏಟಿನ ಘಟ್ಟದಲ್ಲಿ ಜ್ವರ ನೋಡುವವಳಂತೆ ನನ್ನ ಕೆನ್ನೆ ಮುಟ್ಟಿ, ಮರುಕ್ಷಣವೇ ಆ ಕೈಯನ್ನು ಕಣ್ಣಿಗೊತ್ತಿಕೊಂಡಳು. ಗೊತ್ತಿಲ್ಲದೆ ಕಾಲು ತಾಗಿದರೆ ನಾವು ಮಾಡುತ್ತೇವಲ್ಲ, ಹಾಗೆ. ಹಳೆಯ ನಾಟಕದಲ್ಲಿ ಇದು ಎಲ್ಲಿದೆ ಎಂದು ಮಾರ್ಥಾ ಪುಸ್ತಕ ತಿರುವಿಹಾಕಿದರು. ಕೊನೆಯ ರಿಹರ್ಸಲ್‌ನಲ್ಲೂ ಹೀಗೇ ಆದರೆ ಪಾತ್ರವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿದರು.

“ಅಷ್ಟು ಜನರ ಮುಂದೆ ನಿಮ್ಮ ಮೇಲೆ ಕೈ ಎತ್ತೋದು ಹೇಗ್ರೀ? ಬೇರೆಯವರೇ ಮಾಡ್ಲಿ ಬಿಡಿ” ಎಂದಳು ಮನೆಗೆ ಬಂದಮೇಲೆ. ಮುಖ ಸಣ್ಣದಾಗಿತ್ತು.

ಕೊನೆಯ ರಿಹರ್ಸಲ್‌ನಲ್ಲಿ ಎಡವಿದವನು ನಾನು. ಹಡಗಿಗೆ ಕರೆಯುವ ಮಾತೇ ಮರೆತುಹೋಗಿ, ವಾರಾಂತ್ಯಕ್ಕೊಮ್ಮೆ ಮನೆಬಾಗಿಲಲ್ಲಿ ಆಡುವ ಮಾತು ಕನ್ನಡದಲ್ಲೇ ಬಾಯಿಗೆ ಬಂತು: “ಬೇಗ ಬಾರೇ, ಹೊರಡೋವಾಗ ನಿಂದು ಯಾವಾಗ್ಲೂ ಇದೇ ಗೋಳು.”

ವಸುಧಾ ತಿರುಗಿ ನೋಡಿದಳು. “ಹಾಲು ಫ್ರಿಜ್ಜಲ್ಲಿಟ್ಟು, ಗ್ಯಾಸ್ ಆಫ್ ಮಾಡಿ, ಬಾಗಿಲುಗಳನ್ನೆಲ್ಲ ಹಾಕಿ ಬರೋಳು ನಾನು. ಕಾರಲ್ಲಿ ಕೂತು ಹಾರನ್ ಹೊಡೆಯೋರು ನೀವು. ಪ್ರಳಯ ಆದ್ರೂ ನಿಮ್ಮ ಬುದ್ಧಿ ಬದಲಾಗಲ್ಲ ಕಣ್ರೀ.” ಹಿಂದೆಯೇ ಏಟು ಬಿತ್ತು. ಗರಾಜಿನ ಬಾಗಿಲು ಗುಂಯ್‌ಗುಟ್ಟಿತು. ಈ ಸಲ ಕೈ ಕಣ್ಣಿನ ಕಡೆಗೆ ಹೋಗಲಿಲ್ಲ.

ಅಲ್ಲಿದ್ದ ನಮ್ಮ ಬೀದಿಯ ಹೆಂಗಸರಿಗೆ ಒಂದಕ್ಷರ ಕನ್ನಡ ಬಾರದಿದ್ದರೂ ಎಲ್ಲವೂ ಅರ್ಥವಾಗಿತ್ತು. ಅವರು ಅವಳನ್ನು ಸುತ್ತುವರಿದರು; ಅವಳು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು; ಒಬ್ಬೊಬ್ಬರೂ ತಮ್ಮ ಗಂಡಂದಿರ ಕಥೆ ತೆಗೆದರು. ಉರಿಯುವ ಕೆನ್ನೆ ಹಿಡಿದುಕೊಂಡು ಟ್ರೇಲರ್ ಮೇಲೆ ನಿಂತಿದ್ದ ನನಗೆ ಅಷ್ಟು ಸಂತೋಷ ಬಹಳ ದಿನಗಳಿಂದ ಆಗಿರಲಿಲ್ಲ. ನಾಟಕದ ದಿನವೂ ಜಗಳ ಕನ್ನಡದಲ್ಲೇ ನಡೆಯಬೇಕೆಂದು ಮಾರ್ಥಾ ಅಪ್ಪಣೆ ಮಾಡಿದರು; ಹಾಗೇ ನಡೆಯಿತು. ಈಗ ಆ ಗೆಳತಿಯರೇ ಅವಳಿಗೆ ಸರದಿಯ ಮೇಲೆ ಡ್ರೈವಿಂಗ್ ಕಲಿಸುತ್ತಿದ್ದಾರೆ.

ಮುಂದಿನ ವರ್ಷಕ್ಕೂ ನೋಹನ ಹೆಂಡತಿಯ ಪಾತ್ರ ಅವಳಿಗೇ ಖಾಯಂ. ನೋಹನ ಪಾತ್ರಕ್ಕೆ ಮಾತ್ರ ಮಾತು ಮರೆಯದವನು ಬೇಕೆಂದು ಆಡಿಷನ್ ಇಟ್ಟಿದ್ದಾರೆ. ಆರಿಸುವ ಮೂವರಲ್ಲಿ ವಸುಧಾಳೂ ಒಬ್ಬಳು. ಊಟಕ್ಕೆ ಕೂತಾಗ ಮೆಲ್ಲಗೆ ನನ್ನ ವಿಷಯ ಎತ್ತಿದೆ.

“ನೋಡೋಣ ರೀ, ಬೇರೆಯವರೂ ಹೆಸರು ಕೊಟ್ಟಿದ್ದಾರೆ” ಎಂದಳು.