ಇಂಗ್ಲಿಷ್ ಕಾಗದಕ್ಕೆ ಅರ್ಥ ಹೇಳುವ ಮೇಷ್ಟ್ರು

ಇಂಗ್ಲಿಷ್ ಮೇಷ್ಟ್ರು ಇರುವ ಊರಲ್ಲಿ ಇಂಗ್ಲಿಷ್ ಕಾಗದಗಳಿಗೆ ಬರವಿಲ್ಲ. ತೊಂಬತ್ತರ ದಶಕದಲ್ಲಿ ಮೂಡಿಗೆರೆ ಕಡೆಯ ಒಂದು ಖಾಸಗಿ ಹೈಸ್ಕೂಲಿಗೆ ತಾತ್ಕಾಲಿಕ ಮೇಷ್ಟ್ರಾಗಿ ಸೇರಿದ ಮೇಲೆ ತಿಂಗಳಿಗೊಂದಾದರೂ ಇಂಥ ಕಾಗದ ಅರ್ಥ ಕೇಳಿಕೊಂಡು ನನ್ನ ಹತ್ತಿರ ಬರುತ್ತಿತ್ತು.

ಪಾಠ

ಇಂಗ್ಲಿಷಿನಲ್ಲಿ ‘ಟು’ ಹಚ್ಚಿದ ಕ್ರಿಯಾಪದ ವಾಕ್ಯದಲ್ಲಿ ಯಾವ ಪದಕ್ಕೆ ಸೇರಿದ್ದೆಂದು ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ‘ಮೆಣಸಿನ ಬಳ್ಳಿ ಇದ್ದ ಹಾಗೆ. ಎರಡು ಮರಕ್ಕೆ ಹಬ್ಬಿದ್ರೆ ಎರಡು ಅರ್ಥ. ಸರಿಯಾದ್ದು ಯಾವುದು ಅಂತ ಹೇಗೆ ತಿಳಿಯೋದು?’ ಎಂದೆ.

ಮುಂದಿನ ಬೆಂಚಿನ ಹುಡುಗಿ ಎದ್ದಳು. ‘ನಮ್ಮನೇಲಿ ಅಪ್ಪ ಹೇಳೋದಕ್ಕೆ ಯಾವಾಗ್ಲೂ ಎರಡರ್ಥ ಸಾರ್. ಅಮ್ಮ ಮಾಡ್ಕೊಂಡ ಅರ್ಥಾನೇ ಸರಿಯಾದ್ದು.’

ಚೀಟಿ

ಪಕ್ಕದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ತನ್ನ ಸಾಹುಕಾರರ ಒಂದು ಸಾಲಿನ ಚೀಟಿ ಹಿಡಿದು ಬಂದ. ಮರಗಸಿ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮಾಡಲು ನಿನ್ನೆ ಬಂದಿದ್ದ ಆಳುಗಳ ಮೇಸ್ತ್ರಿಯನ್ನು ವಿಚಾರಿಸಬೇಕೋ, ನಿನ್ನೆ ಬಂದಿದ್ದ ಮೇಸ್ತ್ರಿಗೆ ಮರಗಸಿ ಮಾಡಲು ಹೇಳಬೇಕೋ, ಇಂಗ್ಲಿಷಿನಲ್ಲಿ ಎರಡೂ ಆಗುತ್ತಿತ್ತು.

‘ಸಾಹುಕಾರ್ರನ್ನೇ ಕೇಳಿ’ ಎಂದೆ.

‘ಅವ್ರನ್ನ ಕೇಳೋ ಹಾಗಿದ್ರೆ ನಿಮ್ಮತ್ರ ಯಾಕೆ ಬರ್ತಿದ್ದೆ ಮಾರಾಯ್ರೇ?’

ಹೋದವನು ಮೇಸ್ತ್ರಿಯನ್ನು ವಿಚಾರಿಸಿಯೂ ಬಿಟ್ಟ, ಮರಗಸಿಯನ್ನೂ ಮಾಡಿಸಿದ. ಹೇಳದ ಕೆಲಸವನ್ನೂ ಮುಗಿಸುವ ಇಂಥ ರೈಟರ್ ಜಿಲ್ಲೆಯಲ್ಲೇ ಇಲ್ಲವೆಂದು ಸಾಹುಕಾರರು ಕಂಡವರಿಗೆಲ್ಲ ಹೇಳಿದರು.

ಠರಾವು

ನಮ್ಮ ಸ್ಕೂಲ್ ಕಮಿಟಿಯಲ್ಲಿದ್ದವರೆಲ್ಲ ಪ್ಲಾಂಟರುಗಳು. ಸಭೆಯಲ್ಲಿ ಜಗಳವೆಲ್ಲ ಕನ್ನಡದಲ್ಲಿ, ಠರಾವು ಮಾತ್ರ ಇಂಗ್ಲಿಷಿನಲ್ಲಿ. ನನ್ನ ಒಂದು ವರ್ಷದ ತಾತ್ಕಾಲಿಕ ಅವಧಿ ಮುಗಿದಾಗ ಒಂದೇ ವಾಕ್ಯದ ಕಾಗದ ಬಂತು. ಒಂದು ರೀತಿ ಓದಿದರೆ, ಮೇಷ್ಟ್ರನ್ನು ಉಳಿಸಿಕೊಳ್ಳುವ ತೀರ್ಮಾನವನ್ನೇ ಮುಂದೂಡಿದ್ದಾರೆ. ಇನ್ನೊಂದು ರೀತಿ ಓದಿದರೆ, ಮೇಷ್ಟ್ರನ್ನು ಉಳಿಸಿಕೊಳ್ಳಲೆಂದೇ ಬೇರೇನೋ ತೀರ್ಮಾನವನ್ನು ಮುಂದೂಡಿದ್ದಾರೆ. ಕೆಲಸ ಇದೆಯೋ ಹೋಯಿತೋ ತಿಳಿಯದೆ ಮೂರು ದಿನ ಆ ವಾಕ್ಯವನ್ನೇ ತಿರುವಿ ತಿರುವಿ ಓದಿದೆ.

‘ಹೋಗಿ ಕೇಳ್ಬಾರ್ದಾ?’ ಎಂದಳು ಹೆಂಡತಿ.

‘ಇಂಗ್ಲಿಷ್ ಮೇಷ್ಟ್ರಿಗೇ ಇಂಗ್ಲಿಷ್ ಅರ್ಥ ಆಗಿಲ್ಲ ಅಂದ್ರೆ, ಇರೋ ಕೆಲಸಾನೂ ಹೋಗುತ್ತೆ ಕಣೇ.’

ನಾಲ್ಕನೇ ದಿನ ಕಮಿಟಿಯ ಪ್ರೆಸಿಡೆಂಟರ ಜೀಪು ಮನೆ ಮುಂದೆ ನಿಂತಿತು. ಅವರು ಕೂತು, ಕಾಫಿ ಕುಡಿದು, ಜೇಬಿನಿಂದ ಅದೇ ಕಾಗದದ ಪ್ರತಿ ತೆಗೆದರು.

‘ಯಾವುದೋ ಹಳೇ ಠರಾವು ನೋಡ್ಕೊಂಡು ಬರ್ದಿದ್ದು ಮೇಷ್ಟ್ರೇ. ಎಲ್ಲರೂ ಸಹಿ ಹಾಕಿದ್ರು. ಈಗ ನಿಮ್ಮನ್ನ ಇಟ್ಕೊಂಡ್ವೋ ಬಿಟ್ವೋ ಅಂತ ಒಬ್ಬರಿಗೂ ಗೊತ್ತಾಗ್ತಿಲ್ಲ. ಸ್ವಲ್ಪ ಓದಿ ಹೇಳಿ.’

ಕನ್ನಡಕ ಏರಿಸಿ ಎರಡು ಸಲ ಓದಿದೆ. ‘ಕಾಯಂ ಮಾಡಿದ್ದೀರಿ ಸಾರ್.’

‘ಹೌದಾ? ಒಳ್ಳೇದಾಯ್ತು ಬಿಡಿ’ ಎಂದು ಕೈಕುಲುಕಿ ಹೊರಟರು.

ಹೆಡ್‌ಮಾಸ್ಟರ್ ಮಾಡಿದ್ದೀರಿ ಅಂತಲೂ ಓದಿ ಹೇಳಬಹುದಿತ್ತು ಎಂದು ಹೊಳೆಯುವಷ್ಟರಲ್ಲಿ ಜೀಪು ತಿರುವು ದಾಟಿತ್ತು.