ಕಾಲೂರದ ಯೂ-ಟರ್ನ್

ಭಾನುವಾರ ಸಂಜೆಯೊಳಗೆ ನನ್ನ ಹೊಸ ಬೈಕನ್ನು ನೆಲಕ್ಕೆ ಕಾಲೂರದೆ ನಮ್ಮ ಓಣಿಯಲ್ಲೇ ತಿರುಗಿಸಿ ತೋರಿಸುತ್ತೇನೆ, ಇಲ್ಲದಿದ್ದರೆ ನಾನು ಗಂಡಸೇ ಅಲ್ಲ ಎಂದು ಘೋಷಿಸಿದೆ. ಹೆಂಡತಿ ಲೋಟ ಕುಕ್ಕಿದಳು.

"ಗಂಡಸು ಆಮೇಲಾಗು. ಮೊದ್ಲು ನನ್ನ ಸ್ಕೂಟರ್ ವಾಪಸ್ ತಗೊಂಡ್ ಬಾ!"

ಸಿಟ್ಟಿಗೆ ಕಾರಣವಿತ್ತು. ಇಬ್ಬರೂ ಓಡಿಸುತ್ತಿದ್ದ ಬಡಪಾಯಿ ಸ್ಕೂಟರನ್ನು ಅವಳಿಗೊಂದು ಮಾತೂ ಹೇಳದೆ ಶೋರೂಮಿಗೆ ಕೊಟ್ಟು, ಬದಲಿಗೆ ಈ ಮಹಾಕಾಯವನ್ನು ತಂದಿದ್ದೆ. ಟೈಲ್ಸ್ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಮುಂದೆ ಬಗ್ಗುವವನಿಗೆ ಒಂದಿಷ್ಟು ಗತ್ತು ಬೇಡವೇ? ಗತ್ತೇನೋ ಬಂತು! ನೇರ ರಸ್ತೆಯಲ್ಲಿ ಅದು ಐರಾವತ. ತಿರುವಿನಲ್ಲಿ ಮಾತ್ರ ಹಟ ಹಿಡಿದ ಎಮ್ಮೆ. ಸ್ಕೂಟರಿನ ಹಳೇ ಅಭ್ಯಾಸಬಲದಿಂದ ಆಕ್ಸಿಲರೇಟರ್ ತಿರುವಿದರೆ ಸಾಕು, ಎದುರುಮನೆ ಗೋಡೆ ನನ್ನನ್ನು ಅಪ್ಪಿಕೊಳ್ಳಲು ಓಡೋಡಿ ಬರುತ್ತಿತ್ತು. ನಮ್ಮದೋ ಮುಂದೆ ದಾರಿಯಿಲ್ಲದ ಓಣಿ. ಹೀಗಾಗಿ ದಿನಾ ಬೆಳಿಗ್ಗೆ ನಾನು ಹ್ಯಾಂಡಲ್ ಹಿಡಿದು, ಅವಳು ಹಿಂದಿನಿಂದ ಜಗ್ಗಿ, ಅದರ ಮುಖವನ್ನು ರಸ್ತೆಯತ್ತ ತಿರುಗಿಸುತ್ತಿದ್ದೆವು.

"ಸೋಮವಾರ ಲ್ಯಾಬಲ್ಲಿ ನನ್ನ ಹೊಸ ಕೆಲಸದ ಮೊದಲ ದಿನ. ಇಸ್ತ್ರಿ ಬಟ್ಟೆ ಹಾಕ್ಕೊಂಡು ಇದರ ಬಾಲ ಎಳೀತಾ ನಿಲ್ಲೋಳಲ್ಲ ನಾನು. ಭಾನುವಾರ ತಿರುಗ್ಲಿಲ್ವೋ, ಬೈಕ್ ಶೋರೂಮಿಗೆ, ಸ್ಕೂಟರ್ ಮನೆಗೆ!"

ಭಾನುವಾರ ಮನೆಯ ಬಕೆಟ್ಟುಗಳನ್ನೆಲ್ಲ ಓಣಿಯಲ್ಲಿ ಕವಾಯತಿಗೆ ನಿಲ್ಲಿಸಿದೆ. ಅವುಗಳ ನಡುವೆ ನುಸುಳಿ ತಿರುಗುವುದು ನನ್ನ ಯುದ್ಧತಂತ್ರ! ಮೇಲ್ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡರು.

ಮೊದಲ ಸುತ್ತಿಗೇ ನೀಲಿ ಬಕೆಟ್ಟು ಚೂರುಚೂರು!

"ಅಯ್ಯೋ, ಸ್ನಾನದ ಬಕೆಟ್ಟು! ಇನ್ನು ನಿನ್ನ ಹೆಲ್ಮೆಟ್ಟಲ್ಲಿ ಸ್ನಾನ ಮಾಡ್ಲಾ?"

"ಅದು ಅಡ್ಡ ಬಂದ್ರೆ ನಾನೇನ್ ಮಾಡ್ಲಿ?" ನಾನೂ ಉರಿದುಬಿದ್ದೆ. ಆ ಉರಿಯಲ್ಲೇ ನೆಲ ಒರೆಸುವ ಬಕೆಟ್ಟೂ ವೀರಮರಣವನ್ನಪ್ಪಿತು.

"ಬಕೆಟ್ಟನ್ನೇ ದುರುಗುಟ್ಕೊಂಡು ನೋಡ್ತೀರಲ್ರೀ!" ಮೇಷ್ಟ್ರು ಮೇಲಿನಿಂದ ಗುಡುಗಿದರು. "ಕಣ್ಣು ಎಲ್ಲೋ ಗಾಡಿ ಅಲ್ಲೇ!"

"ನೀವು ಪೇಪರ್ ಓದ್ರೀ ಸಾರ್!"

ಸಿಟ್ಟಿನಲ್ಲೇ ಮತ್ತೆ ಹೊರಟೆ. ಆಹಾ! ಈ ಸಲ ಬೈಕ್ ಬಳುಕಿತು, ಬಾಗಿತು, ಅರ್ಧ ತಿರುಗಿಯೇಬಿಟ್ಟಿತು! ಕಾಲು ಇನ್ನೂ ಗಾಳಿಯಲ್ಲೇ! ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕಿರುಚಿದಳು: "ಉಳಿದಿರೋ ಬಕೆಟ್ಟಿಗೇನಾದ್ರೂ ಆದ್ರೆ ನೋಡು! ಹೇಳ್ತಿರೋದು ನಿಂಗೇ! ನನ್ನ ಮುಖ ನೋಡು!"

ಮದುವೆಯಾದಾಗಿನಿಂದ ಈ ಆಜ್ಞೆಯನ್ನು ಮೀರಿದವನಲ್ಲ. ನೋಡಿದೆ. ಬೈಕೂ ನೋಡಿತು!

ಅವಳು ಪಕ್ಕಕ್ಕೆ ಹಾರಿದಳು. ನಾವಿಬ್ಬರು, ಎಂದರೆ ನಾನು ಮತ್ತು ಬೈಕು, ಮೆಟ್ಟಿಲೇರಿ, ಚಪ್ಪಲಿ ಸ್ಟ್ಯಾಂಡ್ ಉರುಳಿಸಿ, ಬಾಗಿಲ ಪರದೆಯನ್ನು ಪೇಟದಂತೆ ಸುತ್ತಿಕೊಂಡು ಹಾಲಿನಲ್ಲಿ ವಿಜೃಂಭಣೆಯಿಂದ ಗೃಹಪ್ರವೇಶ ಮಾಡಿದೆವು! ಸೋಫಾಕ್ಕೆ ಗುದ್ದಿ, ಟೀವಿಗೆ ಮುಖಮಾಡಿ ನಿಂತ ಮೇಲೆ ಮೇಷ್ಟ್ರು ಮೇಲಿನಿಂದ "ಹಾಲ್ಟ್!" ಎಂದರು.

ಮೇಷ್ಟ್ರೂ ಕೆಳಗಿಳಿದು ಬಂದ ಮೇಲೆ ಮೂವರೂ ಸೇರಿ ಬೈಕನ್ನು ಹಿಂದಕ್ಕೆಳೆದು ಓಣಿಗೆ ತಂದೆವು. ಹೆಂಡತಿಯ ಮೂಗಿನ ತುದಿ ಕೆಂಡವಾಗಿತ್ತು. ನನ್ನ ಕೈಯಿಂದ ಬೀಗದಕೈ ಕಿತ್ತುಕೊಂಡಳು, ಹತ್ತಿ ಕೂತಳು, ಕ್ಲಚ್ಚನ್ನು ಮೆಲ್ಲಗೆ ಬಿಟ್ಟಳು. ಓಣಿಯ ಬಾಯಿಯನ್ನೇ ನೋಡುತ್ತಾ, ಬದುಕುಳಿದ ಬಕೆಟ್ಟನ್ನು ಒಂದು ಸುತ್ತು ಬಳಸಿ, ರಸ್ತೆಯತ್ತ ಮುಖಮಾಡಿ ನಿಲ್ಲಿಸಿದಳು. ಕಾಲು ನೆಲ ಮುಟ್ಟಲೇ ಇಲ್ಲ!

"ನಿಂಗೆ... ಹೇಗೆ ಬಂತು?"

"ಮದ್ವೆಗೆ ಮುಂಚೆ ಅಣ್ಣನ ಬೈಕ್ ಓಡಿಸ್ತಿದ್ದೆ. ಯಾವತ್ತಾದ್ರೂ ಕೇಳಿದ್ಯಾ? ಸ್ಕೂಟರ್ ಕೊಡುವಾಗ್ಲೇ ಕೇಳ್ಲಿಲ್ಲ!"

ಬೈಕ್ ಶೋರೂಮಿಗೆ ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ಅದರ ಮೇಲೆಯೇ ಅವಳು ಹೊಸ ಕೆಲಸಕ್ಕೆ ಹೊರಟಳು. ಹಿಂದಿನ ಸೀಟಿನಲ್ಲಿ ಊಟದ ಡಬ್ಬಿ ತಬ್ಬಿಕೊಂಡು ಕೂತವನನ್ನು ಬಸ್ ಸ್ಟಾಪಿನಲ್ಲಿ ಇಳಿಸಿದಳು.

"ಸಂಜೆ ಕರ್ಕೊಂಡ್ ಹೋಗೋಕೆ ಬರ್ತೀಯಾ?" ಹಲ್ಲುಗಿಂಜಿದೆ.

"ಬಸ್ಸಲ್ಲೇ ಬಾ," ಎಂದಳು. "ಅದನ್ನ ತಿರುಗ್ಸೋಕೆ ಡ್ರೈವರ್ ಇದಾನೆ."