ನಮಗೆ ಕೈಪಟ್ಟಿ, ಕೋಳಿಗೆ ಟೋಕನ್ನು

ನಾನು ಎಲ್ಲಿಗೆ ಹೋದರೂ ನನಗಿಂತ ಮುಂಚೆ ಅಲ್ಲೊಂದು ಅನ್ಯಾಯ ಹೋಗಿ ಕುರ್ಚಿ ಹಾಕಿಕೊಂಡು ಕೂತಿರುತ್ತದೆ. ತಾಲ್ಲೂಕು ಕಚೇರಿಯಲ್ಲಿ ಕೂತರೆ ಸರಿ, ತಂಬಾಕು ಹರಾಜಿನಲ್ಲಿ ಕೂತರೂ ಸರಿ, ಅವು ಅದರ ಸ್ವಂತ ಮನೆಗಳು. ಆದರೆ ಒಂದು ಸಲ ಹೆಂಡತಿಯನ್ನೂ ಅವ್ವನನ್ನೂ ಕರೆದುಕೊಂಡು ಮಜಾ ಮಾಡಲು ಹೋದ ಜಾಗಕ್ಕೂ ಅದು ಬಂದಿತ್ತು. ಬಂದರೇನು, ನಾನು ಬಾಯಿ ಬಿಡುವ ಹಾಗಿರಲಿಲ್ಲ.

೧. ಗೊಬ್ಬರದ ಬಹುಮಾನ

ಪಿರಿಯಾಪಟ್ಟಣದ ಗೊಬ್ಬರದಂಗಡಿಯಲ್ಲಿ ಒಂದು ಕಂಪನಿ ಮೂಟೆಗೊಂದು ಕೂಪನ್ನು ಹಂಚುತ್ತಿತ್ತು. ನಾನು ಅಂಗಡಿ ಮುಂದೆ ನಿಂತು, "ಬೆಲೆ ಇಳಿಸಿ ಅಂದ್ರೆ ಲಾಟರಿ ಆಡಿಸ್ತೀರಾ?" ಎಂದು ಮುಕ್ಕಾಲು ಗಂಟೆ ಭಾಷಣ ಮಾಡಿದೆ. ಜನರೆಲ್ಲ ನನ್ನ ಕಡೆ ನೋಡುತ್ತಿದ್ದಾಗ ನನ್ನ ಹೆಂಡತಿ ಹಿಂದಿನಿಂದ ಹೋಗಿ ನಮ್ಮ ಮೂಟೆಯ ಕೂಪನ್ನನ್ನು ಡಬ್ಬಕ್ಕೆ ಹಾಕಿದಳು. ಬಹುಮಾನ ಅವಳಿಗೇ ಬಂತು. ಬೆಂಗಳೂರಿನ ಆಚೆ ಇರುವ ದೊಡ್ಡ ಥೀಮ್ ಪಾರ್ಕಿನ ರೆಸಾರ್ಟ್ ಹೋಟೆಲಿನಲ್ಲಿ ಮೂರು ಜನಕ್ಕೆ ಎರಡು ದಿನದ ವಾಸ, ಊಟ ಆಟ ಎಲ್ಲ ಸೇರಿ.

"ತಿರಸ್ಕರಿಸಿದ್ದೇವೆ ಅಂತ ಕಾಗದ ಬರಿ" ಎಂದೆ.

ಅವಳು ಮುದ್ದೆ ಕೋಲನ್ನು ಕೆಳಗಿಟ್ಟಳು. "ಇಪ್ಪತ್ತು ವರ್ಷದಿಂದ ನಿಮ್ಮ ರೈತ ಸಂಘದೋರಿಗೆಲ್ಲ ಮುದ್ದೆ ತೊಳಸಿ ಇಕ್ಕಿದೀನಿ. ಎರಡೇ ದಿನ, ಬೇರೆಯೋರು ಮಾಡಿದ್ದನ್ನ ಕೂತ್ಕಂಡು ಉಣ್ಬೇಕು. ಅಷ್ಟೇ ನನ್ ಬೇಡಿಕೆ. ಅಲ್ಲಿಗೆ ಬಂದು ನೀವು ಒಂದು ಘೋಷಣೆ ಕೂಗಿದ್ರೂ, ಧರಣಿ ಅಂತ ನೆಲಕ್ಕೆ ಕೂತ್ರೂ, ಇನ್ ಈ ಮನೇಲಿ ಸಂಘಕ್ಕೆ ಒಲೆ ಹಚ್ಚಲ್ಲ."

ನಮ್ಮ ಹೋರಾಟ ನಿಂತಿರುವುದೇ ಆ ಒಲೆಯ ಮೇಲೆ. ಲಾಠಿಗೆ ಹೆದರದ ನಮ್ಮವರು ಮಧ್ಯಾಹ್ನ ಒಂದು ಗಂಟೆಯಾದರೆ ನಮ್ಮ ಮನೆಯ ಹೊಗೆ ನೋಡುತ್ತಾರೆ. ಮಾತು ಕೊಟ್ಟೆ. ಹೋಟೆಲಿಗೆ ಕಾಲಿಟ್ಟ ಗಳಿಗೆಯಿಂದ ರೂಮು ಬಿಡುವ ದಿನ ಮಧ್ಯಾಹ್ನ ಹನ್ನೆರಡರವರೆಗೆ ನನ್ನ ಬಾಯಿ ಬಂದ್.

ಮೂರು ಸರ್ಕಾರಗಳ ಕೈಲಿ ಆಗದ ಕೆಲಸವನ್ನು ಒಂದು ಗೊಬ್ಬರದ ಮೂಟೆ ಮಾಡಿ ಮುಗಿಸಿತು.

೨. ಬರಿಗೈಲಿ ಹೋಗಬಾರದು

ನಮ್ಮ ಕಡೆ ಯಾರದಾದರೂ ಮನೆಗೆ ಉಳಿಯಲು ಹೋದರೆ ಬರಿಗೈಲಿ ಹೋಗುವ ಪದ್ಧತಿ ಇಲ್ಲ. ಅವರೆಕಾಯಿಯೋ, ಕುಂಬಳಕಾಯಿಯೋ, ಬೇಕಾದವರಾದರೆ ಕೋಳಿಯೋ ಒಯ್ಯಬೇಕು. ಅದು ಹೋಟೆಲು ಎಂದು ನಾನು ಹೇಳಿದ್ದಕ್ಕೆ ಅವ್ವ, "ಎಲ್ಡು ದಿನ ಮನೀಕಂಡು, ಉಂಡು, ಕಾಸು ಕೊಡ್ದೆ ಬರೋದು ನೆಂಟ್ರ ಮನೆ ಕಣ್ಲಾ, ಓಟ್ಲು ಎಂಗಾದದು?" ಎಂದಳು. ಕಂಪಲಾಪುರದಲ್ಲಿ ಬಸ್ಸು ಹತ್ತುವಾಗ ಅವಳ ಕಂಕುಳಲ್ಲಿ ಒಂದು ಕುಕ್ಕೆ ಇತ್ತು. ಅದರೊಳಗೆ ಒಂದು ಕೆಂಪು ಹ್ಯಾಟೆ ಕೋಳಿ.

ಹೋಟೆಲೆಂದರೆ ಅರಮನೆಯ ಪಕ್ಕ ಜಾತ್ರೆ ಕಟ್ಟಿದಂತಿತ್ತು. ಕನ್ನಡಿಯಂಥ ನೆಲದ ಮೇಲೆ ಅವ್ವ ಮೆಲ್ಲಗೆ ಕಾಲೂರಿಕೊಂಡು ಹೋಗಿ, ಕೌಂಟರಿನ ಹುಡುಗಿಯ ಮುಂದೆ ಕುಕ್ಕೆ ಇಟ್ಟಳು. "ತಕ್ಕೋ ಮಗಾ. ಮನೇಲಿ ಸಾಕಿದ್ದು."

ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು. "ಅಮ್ಮಾ, ಸಾಕುಪ್ರಾಣಿ ರೂಮಿಗೆ ಬಿಡಲ್ಲ ನಾವು."

"ರೂಮಿಗ್ಯಾಕವ್ವಾ? ಅಡುಗೆ ಮನೆಗೆ ಬುಡು."

ಹುಡುಗಿ ಫೋನು ಮಾಡಿದಳು. ಟೈ ಕಟ್ಟಿದ ಮ್ಯಾನೇಜರು ಬಂದ. ಬ್ಯಾಗು ಇಡುವ ಕೋಣೆಯವನು ಬಂದು ಕೋಳಿಯ ಕಾಲಿಗೆ ನಂಬರಿನ ಚೀಟಿ ಕಟ್ಟಿ, ಅವ್ವನ ಕೈಗೊಂದು ಟೋಕನ್ನು ಕೊಟ್ಟ. ಆಮೇಲೆ ನಮ್ಮ ಮೂವರ ಮಣಿಕಟ್ಟಿಗೂ ಬಿಚ್ಚಲಾಗದ ಹಾಗೆ ಒಂದೊಂದು ಹಳದಿ ಪಟ್ಟಿ ಬಿಗಿದರು. ಸಂತೆಯಲ್ಲಿ ಮಾರಾಟವಾದ ದನಕ್ಕೆ ಗುರುತು ಹಾಕುತ್ತಾರಲ್ಲ, ಹಾಗೆ. ನನಗೆ ಸಿಟ್ಟು ನೆತ್ತಿಗೇರಿತು. ಹೆಂಡತಿ ನನ್ನತ್ತ ನೋಡಿದಳು. ನುಂಗಿಕೊಂಡೆ.

ಆ ಕಟ್ಟಡದಲ್ಲಿ ಕೈಗೆ ಪಟ್ಟಿ ಇಲ್ಲದೆ ಸ್ವಾಭಿಮಾನದಿಂದ ಇದ್ದದ್ದು ನಮ್ಮ ಕೋಳಿ ಒಂದೇ. ಅದಕ್ಕೂ ಕಾಲಿಗೆ ಚೀಟಿ ಇತ್ತು.

೩. ಬಡಿಸುವವರಿಲ್ಲದ ಊಟ

ಮಧ್ಯಾಹ್ನದ ಊಟಕ್ಕೆ ಹೋದೆವು. ನಮ್ಮ ಮನೆಯಷ್ಟು ಉದ್ದದ ಮೇಜಿನ ಮೇಲೆ ಮೂವತ್ತು ಪಾತ್ರೆ. ನನ್ನ ಹೆಂಡತಿ ಕಿಟಕಿ ಪಕ್ಕದ ಕುರ್ಚಿ ಆರಿಸಿಕೊಂಡು ಕೂತು, ಸೆರಗು ಸರಿಮಾಡಿಕೊಂಡು ಕಾದಳು. ಅವ್ವನೂ ಕಾದಳು. ಕಾಲು ಗಂಟೆಯಾಯಿತು. ಯಾರೂ ಬರಲಿಲ್ಲ. ಜನ ತಟ್ಟೆ ಹಿಡಿದುಕೊಂಡು ಸಾಲಾಗಿ ಓಡಾಡುತ್ತಿದ್ದರು, ಬರಗಾಲದ ಗಂಜಿ ಕೇಂದ್ರದಲ್ಲಿ ನಿಂತ ಹಾಗೆ. ವ್ಯತ್ಯಾಸ ಇಷ್ಟೇ, ಇವರ ಕೈಗೆ ವಾಚಿತ್ತು.

ಬಿಳಿ ಟೋಪಿಯವನೊಬ್ಬ ಬಂದು, "ಮೇಡಂ, ನೀವೇ ಹಾಕ್ಕೋಬೇಕು" ಎಂದ.

"ಏನಪ್ಪಾ, ನೆಂಟ್ರನ್ನ ಕರೆದು ನೀವೇ ಹಾಕ್ಕಳಿ ಅಂತೀಯಾ? ಇನ್ನೊಂಚೂರು ಇಕ್ಕುಸ್ಕಳಿ ಅನ್ನಕ್ಕೆ ನಿಮ್ಮಟ್ಟೀಲಿ ಎಂಗುಸ್ರಿಲ್ವಾ?" ಎಂದಳು ಅವ್ವ. ಅವನು ಟೋಪಿ ಸರಿಮಾಡಿಕೊಂಡು ಹೊರಟುಹೋದ.

ಹೆಂಡತಿ ಕುರ್ಚಿ ಬಿಟ್ಟು ಏಳಲಿಲ್ಲ. "ಕೂತ್ಕಂಡು ಉಣ್ಬೇಕು ಅಂತ ಬಂದಿರೋದು" ಎಂದು ನನ್ನ ಮುಖ ನೋಡಿದಳು. ಮೈಸೂರು ಜಿಲ್ಲೆಯ ಅರ್ಧದಷ್ಟು ಅಧಿಕಾರಿಗಳನ್ನು ಕುರ್ಚಿಯಿಂದ ಎಬ್ಬಿಸಿದವನು ನಾನು, ಅವಳನ್ನು ಎಬ್ಬಿಸಲಾಗಲಿಲ್ಲ. ನಾನೇ ಎದ್ದೆ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತು, ಅನ್ನ ತಂದೆ, ಸಾರು ತಂದೆ, ಮತ್ತೆ ಹೋಗಿ ಹಪ್ಪಳ ತಂದೆ. ಇಪ್ಪತ್ತು ವರ್ಷದಲ್ಲಿ ಅವಳಿಗೆ ನಾನು ಬಡಿಸಿದ್ದು ಅದೇ ಮೊದಲು.

"ಸಾಕಾ?" ಎಂದೆ.

"ಅಂಗೆ ಕೇಳಬಾರದು. ಇನ್ನೊಂಚೂರು ಅಂತ ಬಲವಂತ ಮಾಡ್ಬೇಕು. ಬ್ಯಾಡ ಅಂತೀನಿ. ಆಮೇಲೂ ಹಾಕ್ಬೇಕು."

ಆರು ಸಲ ಓಡಾಡಿದೆ. ಏಳನೆಯ ಸಲ ಎದುರು ಮೇಜಿನ ಸೂಟಿನವನು ನನ್ನನ್ನು ಕರೆದು, "ಇಲ್ಲೂ ಸ್ವಲ್ಪ ನೀರು ಕೊಡಪ್ಪ" ಎಂದ.

೪. ನೀರಿನ ಗುಂಡಿ

ಅಲ್ಲೊಂದು ಕಡಲು ಮಾಡಿದ್ದರು. ಸಿಮೆಂಟಿನದು. ನೀರಿಗಿಳಿಯುವವರು ಅವರದೇ ನೈಲಾನ್ ಚಡ್ಡಿ ಹಾಕಬೇಕು. ನಾನು ಹಾಕಿದೆ. ಹೇಗೆ ಕಾಣುತ್ತಿದ್ದೆ ಎಂಬುದನ್ನು ಬರೆಯುವುದಿಲ್ಲ, ವಿರೋಧಿ ಬಣದವರೂ ಇದನ್ನು ಓದುತ್ತಾರೆ. ಅವ್ವ ಸೀರೆಯಲ್ಲೇ ಇಳಿದಳು. ಕಾವಲಿನವನು ಪೀಪಿ ಊದಿದ. "ಅಜ್ಜೀ, ಸೀರೆ ಉಟ್ಕೊಂಡು ನೀರಿಗೆ ಇಳಿಯಂಗಿಲ್ಲ!"

"ಕಾವೇರಿಗೇ ಸೀರೆ ಉಟ್ಕಂಡು ಇಳ್ದಿವ್ನಿ, ಆ ತಾಯಿ ಏನೂ ಅಂದಿಲ್ಲ. ನಿಂದೇನ್ಲಾ ಪೀಪಿ?"

ಅಷ್ಟರಲ್ಲಿ ಸೈರನ್ನು ಕೂಗಿತು. ಆನೆಯೆತ್ತರದ ಅಲೆ ಬಂತು. ನಾನು ಪಕ್ಕದವನನ್ನು ಕೇಳಿದೆ, "ಈ ನೀರು ಬಿಡೋರು ಯಾರು?"

"ಮೇಲೆ ಒಬ್ಬ ಕೂತಿರ್ತಾನೆ ಸರ್. ಗುಂಡಿ ಒತ್ತುತಾನೆ."

"ಅರ್ಜಿ ಕೊಡಬೇಕಾ?"

"ಅರ್ಜಿ ಯಾಕೆ? ಗಂಟೆಗೊಂದು ಸಲ ತಾನೇ ಬಿಡ್ತಾರೆ."

ನಮ್ಮೂರು ನಾಲೆಯ ಕೊನೆಯಲ್ಲಿದೆ. ಹನ್ನೊಂದು ವರ್ಷದಿಂದ ನೀರು ಬಿಡಿ ಎಂದು ಮನವಿ ಕೊಡುತ್ತಿದ್ದೇನೆ. ನೀರಿಗಿಂತ ಮೊದಲು ಇಂಜಿನಿಯರುಗಳೇ ಬಂದು, ನಿವೃತ್ತಿಯಾಗಿ ಹೋಗಿದ್ದಾರೆ. ಇಲ್ಲಿ ಕುಣಿಯುವವರಿಗೆ ಗಂಟೆಗೊಂದು ಸಲ! ಎದೆಯಿಂದ ಘೋಷಣೆ ಎದ್ದು ಗಂಟಲಿಗೆ ಬಂತು. ದಡದಲ್ಲಿ ಹೆಂಡತಿ ಕೂತಿದ್ದಳು. ಬೇರೆ ದಾರಿ ಕಾಣದೆ ಮುಳುಗಿದೆ. ನೀರೊಳಗೇ ಬಾಯಿ ತೆರೆದು ಕೂಗಿದೆ.

ಕಾವಲಿನವರು ಇಬ್ಬರು ಹಾರಿ ನನ್ನನ್ನು ಮೇಲೆಳೆದರು. ಹೆಂಡತಿ ಓಡಿಬಂದಳು. "ಒಳಗೆ ಏನ್ ಮಾಡ್ತಿದ್ರಿ?"

"ಏನಿಲ್ಲ."

"ಘೋಷಣೆ ಕೂಗಿದ್ರಾ?"

"ಬಂದದ್ದು ಬರೀ ಗುಳ್ಳೆ. ಗುಳ್ಳೆಗೆ ಘೋಷಣೆ ಅನ್ನಕ್ಕಾಗಲ್ಲ" ಎಂದೆ. ಅವಳು ಸೆರಗಿನಿಂದ ನನ್ನ ತಲೆ ಒರೆಸಿ, ಒಪ್ಪಿಕೊಂಡಳು.

೫. ರೈತನ ವೇಷ

ಎರಡನೆಯ ದಿನ ಅವರ 'ಹಳ್ಳಿ' ನೋಡಿದೆವು. ಸಗಣಿಯ ವಾಸನೆ ಇಲ್ಲದ ಗುಡಿಸಲು, ಚಕ್ರ ತಿರುಗದ ಗಾಡಿ, ಬಾವಿಯೊಳಗೆ ಬಣ್ಣದ ಬಲ್ಬು. ಬಾಗಿಲಲ್ಲಿ ಕೆಂಪು ಪೇಟ, ಅಂಟು ಮೀಸೆಯ ರೈತನೊಬ್ಬ ಬಂದವರಿಗೆಲ್ಲ ನಗುತ್ತಾ ಕೈ ಮುಗಿಯುತ್ತಿದ್ದ. ಹಾಗೆ ಇಡೀ ದಿನ ನಗುವ ರೈತನನ್ನು ನಾನು ಜನ್ಮದಲ್ಲಿ ನೋಡಿಲ್ಲ.

"ಯಾವ ಕಡೆಯವನಪ್ಪಾ?" ಎಂದೆ.

ಅವನು ದನಿ ತಗ್ಗಿಸಿದ. "ಕೆ.ಆರ್. ನಗರದ ಕಡೆ ಕಣಣ್ಣಾ. ನಾನೂ ಬೇಸಾಯದೋನೇ. ಅಲ್ಲಿ ಗೇದ್ರೆ ಕಾಸಿಲ್ಲ. ಇಲ್ಲಿ ಗೇಯೋನಂಗೆ ನಿಂತ್ಕಂಡ್ರೆ ತಿಂಗ್ಳಿಗೆ ಸಂಬಳ, ಭಾನುವಾರ ಮೀಸೆಗೂ ರಜ."

ನಾನು ಕೂಗಲಿಲ್ಲ. ಕೂರಲೂ ಇಲ್ಲ. ನಿಂತೇ, ಮೆಲ್ಲಗೆ, ತಂಬಾಕಿನ ಬೆಲೆ, ಎಲೆ ಬೇಯಿಸುವ ಬ್ಯಾರನ್ನಿನ ಸೌದೆ, ನಾಲೆಯ ನೀರು, ಎಲ್ಲ ಅವನಿಗೆ ವಿವರಿಸಿದೆ. ಮಾತು ಮುಗಿದು ತಿರುಗಿ ನೋಡಿದರೆ ಹಿಂದೆ ಐವತ್ತು ಜನ. ಎಲ್ಲರೂ ಚಪ್ಪಾಳೆ ಹೊಡೆದರು. ಒಬ್ಬ ಕ್ಯಾಮೆರಾ ಹಿಡಿದು, "ಸಿಟ್ಟಿನ ರೈತನ ಪಾತ್ರ ಸೂಪರ್. ಮುಂದಿನ ಶೋ ಎಷ್ಟು ಗಂಟೆಗೆ?" ಎಂದು ಕೇಳಿದ.

ಮಾತು ಮುರಿದೆನೇನೋ ಎಂದು ಹೆಂಡತಿಯ ಕಡೆ ನೋಡಿದೆ. "ನಾಟಕಕ್ಕೆ ಸೇರ್ತು ಬುಡಿ" ಎಂದಳು. ನಿಜವಾದ ಜಾಗದಲ್ಲಿ ಅದೇ ಭಾಷಣ ಮಾಡಿದಾಗಲೆಲ್ಲ ನನಗೆ ಸಿಕ್ಕಿದ್ದು ಕೇಸು.

೬. ಬೇಡಿಕೆ

ರೂಮು ಬಿಡುವ ದಿನ. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಇನ್ನರ್ಧ ಗಂಟೆ ಕಳೆದರೆ ನಾನು ಗೆದ್ದಂತೆ. ಸಂಘದ ಒಲೆ ಉಳಿದಂತೆ.

ಕೌಂಟರಿನ ಹುಡುಗಿ ಅವ್ವನ ಟೋಕನ್ನು ತೆಗೆದುಕೊಂಡು, ಒಳಗಿನಿಂದ ಕುಕ್ಕೆ ತಂದಿಟ್ಟಳು. ಒಳಗೆ ಕೋಳಿ, ಕೋಳಿಯ ಕೆಳಗೆ ಎರಡು ಮೊಟ್ಟೆ. ಅವ್ವನ ಮುಖ ಕಪ್ಪಿಟ್ಟಿತು. "ಕೊಟ್ಟಿದ್ದನ್ನ ವಾಪಸ್ ಕೊಡ್ತೀಯಾ ಮಗಾ? ನಾವೇನ್ ತೆಪ್ಪು ಮಾಡುದ್ವು?" ಎಂದವಳೇ ಕುಕ್ಕೆಯನ್ನು ಮತ್ತೆ ಕೌಂಟರಿನ ಮೇಲಿಟ್ಟು, ಅಲ್ಲೇ ನೆಲಕ್ಕೆ ಕೂತಳು.

ನನ್ನ ಹೆಂಡತಿ ನಿಂತೇ ಇದ್ದಳು. ಏನನ್ನೋ ಕಾಯುವ ಹಾಗೆ.

"ನಡಿ, ಬಸ್ಸಿಗೆ ಹೊತ್ತಾಯ್ತು" ಎಂದೆ.

"ಅರಿಶಿನ ಕುಂಕುಮ ಕೊಟ್ಟಿಲ್ವಲ್ಲ?"

ಮ್ಯಾನೇಜರು ನಕ್ಕು, "ಮೇಡಂ, ಆ ಸರ್ವಿಸು ನಿಮ್ಮ ಪ್ಯಾಕೇಜಿನಲ್ಲಿಲ್ಲ" ಎಂದ.

ಅವನು ನಗಬಾರದಿತ್ತು.

"ಎರಡು ದಿನ ಇದ್ದ ಹೆಣ್ಣುಮಗಳನ್ನ ಒಂದು ಚಿಟಿಕೆ ಕುಂಕುಮ ಕೊಡ್ದೆ ಹೊಸಿಲು ದಾಟಿಸೋ ಮನೆ ಯಾವುದಯ್ಯಾ? ತಂದಿದ್ದ ಕೋಳಿ ವಾಪಸ್ ಕೊಟ್ರಿ. ತಟ್ಟೆಗೆ ಬಡಿಸ್ನಿಲ್ಲ. ಬಡಿಸ್ದೋರು ನಮ್ಮನೆಯೋರು!" ಎಂದವಳೇ, ಬಾಗಿಲಿಗೆ ಅಡ್ಡವಾಗಿ, ಆ ಕನ್ನಡಿಯಂಥ ನೆಲದ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಮುಷ್ಟಿ ಮೇಲಕ್ಕೆತ್ತಿದಳು. "ಬೇಕೇ ಬೇಕು!"

"ಕುಂಕುಮ ಬೇಕು!" ಎಂದಳು ಅವ್ವ, ತಾಳ ತಪ್ಪದೆ.

ಇಪ್ಪತ್ತು ವರ್ಷ ಒಲೆಯ ಮುಂದಿನಿಂದ ಕೇಳಿಸಿಕೊಂಡದ್ದನ್ನೆಲ್ಲ ಅವಳು ನನಗಿಂತ ಚೆನ್ನಾಗಿ ಕಲಿತಿದ್ದಳು. ಲಿಫ್ಟಿನಿಂದ ಇಳಿದ ರೇಷ್ಮೆ ಸೀರೆಯ ಹೆಂಗಸೊಬ್ಬರು, "ಹೌದಲ್ರೀ, ನಮಗೂ ಕೊಡ್ಲಿಲ್ಲ" ಎಂದು ಪಕ್ಕದಲ್ಲಿ ಕೂತರು. ಐದು ನಿಮಿಷಕ್ಕೆ ಹನ್ನೆರಡು ಹೆಂಗಸರು. ಅವರ ಗಂಡಂದಿರು ಪೆಟ್ಟಿಗೆ ಹಿಡಿದುಕೊಂಡು ಗೋಡೆಗೆ ಒರಗಿ ನಿಂತರು.

ಮ್ಯಾನೇಜರು ಬೆವರುತ್ತಾ ನನ್ನ ಹತ್ತಿರ ಬಂದ. "ಸರ್, ನೀವು ಲೀಡರ್ ಅಂತೆ. ಒಂದು ಮಾತು ಹೇಳಿ ಸರ್."

ಅರಿಶಿನ ಕುಂಕುಮದಿಂದ ಹೊಟ್ಟೆ ತುಂಬಲ್ಲ ಎಂದು ಊರೂರಲ್ಲಿ ಭಾಷಣ ಮಾಡಿದವನು ನಾನು. ಗಡಿಯಾರ ತೋರಿಸಿದೆ. "ಹನ್ನೆರಡರವರೆಗೆ ಬಾಯಿ ಬಿಡಲ್ಲ ಅಂತ ಮಾತು ಕೊಟ್ಟಿದೀನಿ ಕಣ್ರೀ. ಆಮೇಲೆ ಬೇಕಾದ್ರೆ ಬಿಡ್ತೀನಿ. ಆದ್ರೆ ಅವರ ಕಡೆ ಬಿಡ್ತೀನಿ."

ಇಡೀ ಹೋಟೆಲು ಹುಡುಕಿದರು. ಅಷ್ಟು ದೊಡ್ಡ ಜಾಗದಲ್ಲಿ ಕುಂಕುಮ ಇದ್ದದ್ದು ಒಂದೇ ಕಡೆ, ಜನರನ್ನು ತಲೆಕೆಳಗು ಮಾಡಿ ತಿರುಗಿಸುವ ಯಂತ್ರದ ಕೋಣೆಯಲ್ಲಿ. ಆಪರೇಟರು ದಿನಾ ಬೆಳಗ್ಗೆ ಮೋಟಾರಿಗೆ ಕುಂಕುಮ ಇಟ್ಟು, ಕೈ ಮುಗಿದು, ಆಮೇಲೆ ಸ್ವಿಚ್ಚು ಹಾಕುತ್ತಿದ್ದನಂತೆ. ಹಿಂದಿನ ದಿನ ನಾನೂ ಅದರಲ್ಲಿ ತಿರುಗಿದ್ದೆ, ಅದು ದೇವರ ಭರವಸೆಯ ಮೇಲೆ ಓಡುತ್ತದೆಂದು ಮೊದಲೇ ಗೊತ್ತಿದ್ದರೆ ಕೂರುತ್ತಲೇ ಇರಲಿಲ್ಲ. ಅರಿಶಿನ ಅಡುಗೆ ಮನೆಯ ಡಬ್ಬದಿಂದ ಬಂತು, ತೆಂಗಿನಕಾಯಿಯೂ ಅಲ್ಲಿಂದಲೇ. ರವಿಕೆ ಕಣಕ್ಕೆ ಬದಲು ಕೊಳದ ಟವಲ್ಲು. ಕೌಂಟರಿನ ಹುಡುಗಿ ಕೂತಿದ್ದ ಎಲ್ಲರಿಗೂ ಹಣೆಗಿಟ್ಟಳು. ಮ್ಯಾನೇಜರು ಎರಡೂ ಕೈಯಲ್ಲಿ ಕುಕ್ಕೆ ತೆಗೆದುಕೊಂಡು, "ತುಂಬಾ ಒಳ್ಳೆ ಕೋಳಿ ಅಜ್ಜಿ" ಎಂದ. ಹನ್ನೆರಡು ಹೊಡೆಯಲು ಇನ್ನೂ ಮೂರು ನಿಮಿಷ ಇತ್ತು.

ಮನವಿ ಪತ್ರ ಇಲ್ಲ, ನಿಯೋಗ ಇಲ್ಲ. ಇಪ್ಪತ್ತೈದು ನಿಮಿಷದಲ್ಲಿ ಎಲ್ಲ ಬೇಡಿಕೆ ಈಡೇರಿತು.

ಈಗ ನಮ್ಮ ಸಂಘದವರು ಧರಣಿ ಗೊತ್ತುಮಾಡಲು ಮನೆಗೆ ಬಂದರೆ ಜಗಲಿಯಲ್ಲಿ ಕೂತ ನನ್ನನ್ನು ದಾಟಿಕೊಂಡು ಒಳಗೆ ಹೋಗಿ, "ಅಕ್ಕಾ, ನಾಳೆ ಬಿಡುವೈತಾ?" ಎಂದು ಕೇಳುತ್ತಾರೆ. ಅವಳು ಹೋಗುತ್ತಾಳೆ. ಆವತ್ತಿನ ಮುದ್ದೆ ನಾನು ತೊಳಸುತ್ತೇನೆ. ಗಂಟು ಗಂಟಾಗಿರುತ್ತದೆ. ಆದರೆ ಯಾರೂ ಘೋಷಣೆ ಕೂಗುವ ಹಾಗಿಲ್ಲ, ಉಣ್ಣುವ ಮುಂಚೆಯೇ ಎಲ್ಲರಿಂದಲೂ ಮಾತು ತೆಗೆದುಕೊಂಡಿರುತ್ತೇನೆ.